ತೊತ್ತೊ ಚಾನ್: ಮಕ್ಕಳಿಗೆ ಓದಿ ಹೇಳಲು ಹೇಗಿದೆ?

ಮಲಗುವ ಹೊತ್ತಿಗೆ ಓದಿ ಹೇಳಲು ಕನ್ನಡದಲ್ಲಿ ಸ್ವಲ್ಪ ದೊಡ್ಡ ಪುಸ್ತಕ ಹುಡುಕ್ತಿದ್ದೀರಾ? ತೆತ್ಸುಕೊ ಕುರೊಯಾನಾಗಿ ಅವರ ‘ತೊತ್ತೊ ಚಾನ್’ ತಗೊಳ್ಳಿ. ಜಪಾನಿನಲ್ಲಿ 1981ರಲ್ಲಿ ಬಂದ ಪುಸ್ತಕ. ಕನ್ನಡದ್ದು ನನಗೆ ಗಾಂಧಿ ಬಜಾರಿನಲ್ಲಿ ಸಿಕ್ಕಿತು. ಓದುವುದು ಎರಡನೇ ಕ್ಲಾಸಿನ ಮಗಳಿಗೆ. ಐದನೇ ಕ್ಲಾಸಿನ ಮಗ ‘ನಂಗೆ ಬೇಡ’ ಅಂತ ಗೋಡೆ ಕಡೆ ತಿರುಗಿ ಮಲಗಿ ಪೂರ್ತಿ ಕೇಳಿಸಿಕೊಳ್ಳುತ್ತಾನೆ.

ಅಧ್ಯಾಯಗಳು ಚಿಕ್ಕವು, ಅದೇ ದೊಡ್ಡ ಅನುಕೂಲ. ಒಂದು ಘಟನೆ, ಕೆಲವೇ ಪುಟ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿ ಕಣ್ಣು ಎಳೆಯುತ್ತಿದ್ದರೂ ಒಂದು ಓದಿ ಮುಗಿಸಬಹುದು.

ತುಂಟಿ ಅಂತ ಒಂದನೇ ಕ್ಲಾಸಿನಲ್ಲೇ ಶಾಲೆ ಬಿಡಿಸಿಕೊಂಡ ಹುಡುಗಿ ತೊತ್ತೊ ಚಾನ್, ಹಳೇ ರೈಲು ಡಬ್ಬಿಗಳಲ್ಲಿ ಪಾಠ ನಡೆಯುವ ತೊಮೊಎ ಶಾಲೆ ಸೇರುತ್ತಾಳೆ. ಕಬ್ಬನ್ ಪಾರ್ಕಿನ ಪುಟಾಣಿ ರೈಲು ಹತ್ತಿದ ಮಕ್ಕಳಿಗೆ ಇಷ್ಟೇ ಸಾಕು. ಆದರೆ ನಮ್ಮನೆಯಲ್ಲಿ ಗೆದ್ದದ್ದು ಕಕ್ಕಸಿನ ಅಧ್ಯಾಯ. ಪರ್ಸ್ ಗುಂಡಿಗೆ ಬಿದ್ದಿದೆ. ಇವಳು ಉದ್ದ ಹಿಡಿಯ ಸೌಟು ತಂದು ಒಳಗಿದ್ದದ್ದನ್ನೆಲ್ಲ ಎತ್ತಿ ರಾಶಿ ಹಾಕುತ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ನೋಡುತ್ತಾರೆ. ಬೈಯುವುದಿಲ್ಲ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯಲ್ವಾ ಅಂತಷ್ಟೇ ಕೇಳಿ ಹೋಗುತ್ತಾರೆ. ಗೋಡೆ ಕಡೆ ತಿರುಗಿದ್ದವನೂ ಎದ್ದು ಕೂತ. ‘ನಮ್ಮ ಮಿಸ್ ಆಗಿದ್ರೆ ಡೈರಿಯಲ್ಲಿ ಬರೀತಿದ್ರು’ ಅಂದ.

ಆ ಶಾಲೆಯ ಮಧ್ಯಾಹ್ನದ ಡಬ್ಬಿಯಲ್ಲಿ ಸಮುದ್ರದ್ದೊಂದು (ಮೀನಿನಂಥದ್ದು), ಬೆಟ್ಟದ್ದೊಂದು (ತರಕಾರಿಯಂಥದ್ದು) ಇರಬೇಕು. ಮರುದಿನ ನಮ್ಮ ಬಿಸಿಬೇಳೆಬಾತಿಗೂ ತನಿಖೆ ನಡೆಯಿತು. ಉಪ್ಪು ಸಮುದ್ರದ್ದೇ ಅಂತ ವಾದಿಸಿ ಪಾರಾದೆ.

ಹೆಸರುಗಳು ನಾಲಿಗೆಗೆ ಸಲೀಸಾಗಿ ಬರುವುದಿಲ್ಲ. ಡೋರೇಮಾನ್ ನೋಡಿ ಬೆಳೆದ ಮಗನೇ ತಿದ್ದುತ್ತಾನೆ, ಸರಿಯೋ ತಪ್ಪೋ. ತಾಳಕ್ಕೆ ಮೈ ಕುಣಿಸುವ ಪಾಠದ ವಿವರಣೆ ಮಕ್ಕಳಿಗೆ ಬೋರು. ಸುಮ್ನೆ ಹಾರಿಸಿ, ಕಥೆ ಕೆಡುವುದಿಲ್ಲ. ಚಿಹಿರೊ ಇವಾಸಾಕಿ ಬಿಡಿಸಿದ ಚಿತ್ರಗಳನ್ನು ಮಾತ್ರ ಹಾರಿಸಬೇಡಿ.

ಕೊನೆಯ ಭಾಗವನ್ನು ನೀವು ಮೊದಲೇ ಓದಿಕೊಂಡಿರಿ. ಪೋಲಿಯೊ ಆಗಿದ್ದ ಗೆಳೆಯ ಯಾಸುಆಕಿ ಸಾಯುತ್ತಾನೆ. 1945ರಲ್ಲಿ ಟೋಕಿಯೊ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಶಾಲೆಯೇ ಸುಟ್ಟುಹೋಗುತ್ತದೆ. ಅಲ್ಲಿವರೆಗೆ ನಗಿಸಿದ ಪುಸ್ತಕ ಅಂತ ಮಕ್ಕಳು ಇದಕ್ಕೆ ತಯಾರಿರುವುದಿಲ್ಲ. ಇವನ್ನು ರಾತ್ರಿ ಓದುವುದು ಬೇಡ, ಭಾನುವಾರ ಮಧ್ಯಾಹ್ನ ಓದಿ. ಪ್ರಶ್ನೆಗಳು ಜಾಸ್ತಿ ಬರುತ್ತವೆ.