ಇಪಿಎ ಬ್ರೌನ್‌ಫೀಲ್ಡ್ ಅನುದಾನ: ಅರ್ಜಿ ಹಾಕುವ ಮುನ್ನ ನೋಡಬೇಕಾದ್ದು

ಬಾಗಿಲು ಹಾಕಿದ ಕಾರ್ಖಾನೆ, ಪಾಳುಬಿದ್ದ ಪೆಟ್ರೋಲ್ ಬಂಕ್, ಹಳೇ ಡ್ರೈಕ್ಲೀನಿಂಗ್ ಅಂಗಡಿ. ನೆಲದಡಿ ಏನಿದೆಯೋ ಎಂಬ ಭಯಕ್ಕೆ ಯಾರೂ ಕೊಳ್ಳದೆ ಬಿಟ್ಟ ಇಂಥ ಜಾಗಗಳನ್ನು ಅಮೆರಿಕದಲ್ಲಿ ಬ್ರೌನ್‌ಫೀಲ್ಡ್ ಎನ್ನುತ್ತಾರೆ. ಇವು ದೇಶದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಂದಾಜು. ಅವುಗಳ ಮಣ್ಣು, ನೀರು ಪರೀಕ್ಷಿಸಲು ಇಪಿಎ ಕೊಡುವ ಅನುದಾನಕ್ಕೆ ನಮ್ಮ ಅಂಕ ಐದಕ್ಕೆ ಮೂರೂವರೆ. ಕಳೆದ ಒಂದೂವರೆಯೂ ಹೋದದ್ದು ಸಮಯದ ಲೆಕ್ಕಕ್ಕೆ.

ಹಣದ ವಿಷಯದಲ್ಲಿ ದೂರಲು ಹೆಚ್ಚಿಲ್ಲ. 2025ರ ಸಾಲಿನ ಮಾರ್ಗಸೂಚಿಯಂತೆ ಒಂದು ನಗರಾಡಳಿತ 5 ಲಕ್ಷ ಡಾಲರ್‌ವರೆಗೆ ಕೇಳಬಹುದು. ಸ್ವಂತ ಪಾಲು ಹಾಕಬೇಕಿಲ್ಲ, ಖರ್ಚಿಗೆ ನಾಲ್ಕು ವರ್ಷ. ಊರಿನ ಹಲವು ಜಾಗಗಳಿಗೆ ಹಂಚಿಕೊಳ್ಳಬಹುದು, ಶುದ್ಧೀಕರಣದ ಯೋಜನೆ ಬರೆಸಲಿಕ್ಕೂ ಜನರ ಸಭೆ ನಡೆಸಲಿಕ್ಕೂ ಬಳಸಬಹುದು. ಆಡಳಿತ ವೆಚ್ಚ ಮಾತ್ರ ಶೇ. 5 ದಾಟುವಂತಿಲ್ಲ. 2018ರ ಬಿಲ್ಡ್ ಕಾಯ್ದೆಯ ನಂತರ ಲಾಭರಹಿತ ಸಂಸ್ಥೆಗಳಿಗೂ ಬಾಗಿಲು ತೆರೆದಿದೆ. ಆದರೆ ಕೆಟ್ಟ ಮಣ್ಣನ್ನು ಅಗೆದು ಸಾಗಿಸಲು ಇದರಿಂದ ಒಂದು ಡಾಲರೂ ಸಿಗದು. ಅದಕ್ಕೆ ಬೇರೆ ಅನುದಾನ, ಬೇರೆ ಅರ್ಜಿ.

ಅರ್ಜಿಯ ವಿವರಣೆ ಹತ್ತು ಪುಟದೊಳಗೆ ಮುಗಿಯಬೇಕು. ಬರವಣಿಗೆಗಿಂತ ಹೆಚ್ಚು ಜನ ಎಡವುವುದು ಸರ್ಕಾರದ ಅನುದಾನ ಪಡೆಯುವವರು ಹೆಸರು ದಾಖಲಿಸಬೇಕಾದ ಸ್ಯಾಮ್ ಡಾಟ್ ಗವ್ ಜಾಲತಾಣದ ನೋಂದಣಿಯಲ್ಲಿ. ವರ್ಷಕ್ಕೊಮ್ಮೆ ನವೀಕರಿಸಬೇಕು, ಕೊನೆಯ ವಾರ ನೋಡಿದರೆ ಅವಧಿ ಮುಗಿದಿರುತ್ತದೆ. ಇನ್ನೊಂದು: ಸ್ಪರ್ಧಾತ್ಮಕ ಟೆಂಡರ್ ಕರೆಯದೆ ಪರಿಚಯದ ಕನ್ಸಲ್ಟೆಂಟ್ ಹೆಸರನ್ನು ಅರ್ಜಿಯಲ್ಲಿ ಬರೆದುಬಿಡುವುದು. ಅರ್ಜಿಯನ್ನು ಪುಕ್ಕಟೆ ಬರೆದುಕೊಟ್ಟವರಿಗೇ ಕೆಲಸ ಸಿಗಬೇಕೆಂಬ ನಿಯಮ ಎಲ್ಲೂ ಇಲ್ಲ.

ಹಣ ಮಂಜೂರಾದ ಮೇಲೂ ಮೊದಲ ಗುಂಡಿ ತೋಡುವ ಹೊತ್ತಿಗೆ ತಿಂಗಳುಗಳು ಉರುಳುತ್ತವೆ. ಪ್ರತಿ ಜಾಗಕ್ಕೂ ಅರ್ಹತೆಯ ಒಪ್ಪಿಗೆ ಬೇಕು: ಪೆಟ್ರೋಲಿಯಂ ಸೋರಿದ ಜಾಗವಾದರೆ ಸಾಮಾನ್ಯವಾಗಿ ರಾಜ್ಯ ಸರ್ಕಾರದ್ದು, ಬೇರೆ ಅಪಾಯಕಾರಿ ವಸ್ತುಗಳಾದರೆ ಇಪಿಎಯದ್ದು. ಒಪ್ಪಿಗೆಗೆ ಮುಂಚೆ ಖರ್ಚು ಮಾಡಿದರೆ ಆ ಬಿಲ್ ಊರಿನ ತಲೆಗೇ ಬೀಳಬಹುದು. ಖಾಸಗಿ ಮಾಲೀಕರ ಪ್ರವೇಶದ ಅನುಮತಿ ಪತ್ರವನ್ನು ಅರ್ಜಿ ಹಾಕುವ ಮೊದಲೇ ಮಾತಾಡಿಟ್ಟುಕೊಳ್ಳದಿದ್ದರೆ ಎರಡನೇ ವರ್ಷವೂ ಅಲ್ಲೇ ಕಳೆಯುತ್ತದೆ.

ಪರೀಕ್ಷೆ ಎರಡು ಹಂತದ್ದು. ಮೊದಲ ಹಂತ, ಫೇಸ್ 1, ಎಂದರೆ ಮಣ್ಣು ಮುಟ್ಟದ ತನಿಖೆ. ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಇ1527-21 ಮಾನದಂಡದಂತೆ ಹಳೇ ವೈಮಾನಿಕ ಚಿತ್ರ, ಊರಿನ ಡೈರೆಕ್ಟರಿ, ಸ್ಯಾನ್‌ಬೋರ್ನ್ ಅಗ್ನಿವಿಮಾ ನಕ್ಷೆಗಳನ್ನು ಕೆದಕುತ್ತಾರೆ. ನಕ್ಷೆಯ ಮೂಲೆಯಲ್ಲಿ ಟ್ಯಾಂಕ್ ಎಂದು ಬರೆದ ಚಿಕ್ಕ ವೃತ್ತವೊಂದು ಸಾಕು, ಎಲ್ಲಿ ಕೊರೆಯಬೇಕೆಂದು ಹೇಳಲು. ಈ ವರದಿಯ ಆಯಸ್ಸು ಒಂದು ವರ್ಷ. ಆದರೆ ಮಾಲೀಕರೊಂದಿಗಿನ ಸಂದರ್ಶನ, ಋಣಭಾರದ ಶೋಧ, ಸರ್ಕಾರಿ ದಾಖಲೆ, ಸ್ಥಳ ಪರಿಶೀಲನೆ, ತಜ್ಞರ ಘೋಷಣೆ, ಈ ಐದೂ ಜಾಗ ಕೊಳ್ಳುವ ದಿನಕ್ಕೆ ಹಿಂದಿನ 180 ದಿನಗಳೊಳಗಿನವಾಗಿರಬೇಕು. ಎಣಿಕೆ ವರದಿಯ ಮೇಲಿನ ತಾರೀಖಿನಿಂದಲ್ಲ, ಒಂದೊಂದು ಕೆಲಸ ಮುಗಿದ ತಾರೀಖಿನಿಂದ. ದಾಖಲೆ ಜನವರಿಯಲ್ಲಿ ನೋಡಿ, ವರದಿಗೆ ಏಪ್ರಿಲ್‌ನಲ್ಲಿ ಸಹಿ ಹಾಕಿ, ಸೆಪ್ಟೆಂಬರ್‌ನಲ್ಲಿ ಕ್ರಯಪತ್ರ ಮಾಡಿಸಿದರೆ, ಹಳೇ ಮಾಲಿನ್ಯದ ಹೊಣೆಯಿಂದ ಕೊಳ್ಳುವವರಿಗೆ ಸಿಗಬೇಕಾದ ರಕ್ಷಣೆ ಕೈತಪ್ಪುತ್ತದೆ.

ಫೇಸ್ 2ರಲ್ಲಿ ಕೊರೆಯುವುದು. ಅದಕ್ಕೂ ಮುಂಚೆ ಮಾದರಿ ತೆಗೆಯುವ ಗುಣಮಟ್ಟ ಯೋಜನೆಗೆ ಇಪಿಎ ಒಪ್ಪಿಗೆ ಬೇಕು. ತಲೆನೋವೇ, ಆದರೆ ಅರ್ಥವಿಲ್ಲದ್ದಲ್ಲ. ಆವಿಯಾಗುವ ರಾಸಾಯನಿಕಗಳಿಗಾಗಿ ಅಂತರ್ಜಲವನ್ನು 40 ಮಿಲಿ ಸೀಸೆಗೆ ಕಂಠಪೂರ್ತಿ ತುಂಬಬೇಕು. ತಲೆಕೆಳಗು ಮಾಡಿ ತಟ್ಟಿದಾಗ ಬಟಾಣಿಗಿಂತ ದೊಡ್ಡ ಗುಳ್ಳೆ ಕಂಡರೆ ಆ ಮಾದರಿ ವ್ಯರ್ಥ: ಹುಡುಕುತ್ತಿರುವುದೇ ಆ ಗುಳ್ಳೆಯೊಳಕ್ಕೆ ಹೊರಟುಹೋಗಿರುತ್ತದೆ. ಆಮ್ಲ ಹಾಕಿ ತಣ್ಣಗಿಟ್ಟರೂ ಹದಿನಾಲ್ಕು ದಿನದಲ್ಲಿ ವಿಶ್ಲೇಷಣೆ ಮುಗಿಯಬೇಕು. ಡ್ರೈಕ್ಲೀನಿಂಗ್ ಅಂಗಡಿಯಲ್ಲಂತೂ ಮೇಲ್ಮಣ್ಣಷ್ಟೇ ನೋಡಿ ‘ಸ್ವಚ್ಛ’ ಎನ್ನುವ ವರದಿಯನ್ನು ನಂಬಬೇಡಿ. ಅಲ್ಲಿ ಬಳಸುತ್ತಿದ್ದ ಪರ್ಕ್ಲೋರೋಎಥಿಲೀನ್ ನೀರಿಗಿಂತ ಭಾರ, ಆಳಕ್ಕೆ ಇಳಿಯುತ್ತದೆ. ಅದರ ಆವಿ ಕಾಂಕ್ರೀಟ್ ನೆಲದ ಬಿರುಕಿನಿಂದ ಮೇಲೆ, ಪಕ್ಕದ ಕಟ್ಟಡಕ್ಕೂ ಬರುತ್ತದೆ. ಆ ಕಾಂಕ್ರೀಟ್ ನೆಲದಡಿಯ ಗಾಳಿಯ ಮಾದರಿ ಇಲ್ಲದಿದ್ದರೆ ಕನ್ಸಲ್ಟೆಂಟ್‌ಗೆ ವಾಪಸ್ ಕಳಿಸಿ.

ಹತ್ತಾರು ಜಾಗಗಳ ಪಟ್ಟಿಯೂ ಲೆಕ್ಕಪತ್ರ ನೋಡಿಕೊಳ್ಳುವ ಸಿಬ್ಬಂದಿಯೂ ಇರುವ ನಗರಕ್ಕೆ ಈ ಅನುದಾನ ಹೇಳಿಮಾಡಿಸಿದ್ದು. ಒಂದೇ ಬಂಕ್ ಜಾಗದ ಚಿಂತೆಯಿರುವ ಸಣ್ಣ ಊರು ಇದರ ಗೊಡವೆಗೆ ಹೋಗದಿರುವುದು ಲೇಸು. ‘ಟಾರ್ಗೆಟೆಡ್ ಬ್ರೌನ್‌ಫೀಲ್ಡ್ಸ್ ಅಸೆಸ್‌ಮೆಂಟ್’ ಎಂಬ ಇನ್ನೊಂದು ಸೇವೆಯಿದೆ: ಊರಿನ ಕೈಗೆ ಹಣ ಬರುವುದಿಲ್ಲ, ಇಪಿಎ ತನ್ನದೇ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ ವರದಿ ಕೊಡುತ್ತದೆ. ಪ್ರಾದೇಶಿಕ ಕಚೇರಿಗೆ ಫೋನ್ ಮಾಡುವಾಗ ಜಾಗದ ವಿಳಾಸ, ಮಾಲೀಕರ ಅನುಮತಿ, ಮುಂದೆ ಅಲ್ಲಿ ಏನು ಕಟ್ಟುವ ಇರಾದೆ, ಈ ಮೂರು ಕೈಯಲ್ಲಿರಲಿ.