ಧರ್ಮಾರ್ಥ ಶಾಲೆ, ಚಿಕಿತ್ಸಾಲಯಕ್ಕೆ 500 ಲೀಟರಿನ ಆರ್‌ಒ ಘಟಕ: ದಾನ ಕೊಡುವವರಿಗೊಂದು ವಿಮರ್ಶೆ

ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಆಚೆ ಜಗಳೂರು. ಈ ಸೀಮೆಯ ಬಡ ಹಳ್ಳಿಯಲ್ಲಿ ಯಾರೋ ಪುಣ್ಯಾತ್ಮರು ನಡೆಸುತ್ತಿರುವ ಶಾಲೆಗೋ, ಅದರ ಪಕ್ಕದ ಚಿಕಿತ್ಸಾಲಯಕ್ಕೋ ಏನಾದರೂ ಕೊಡೋಣ ಅನ್ನುವವರಿಗೆ ಮೊದಲು ಹೊಳೆಯುವುದು ಬ್ಯಾಗು, ನೋಟ್‌ಬುಕ್ಕು. ಆಮೇಲೆ ಫಿಲ್ಟರ್ ನೀರು. ಆಮೇಲೆ ಹೊಳೆದದ್ದೇ ಸರಿ. ಇಲ್ಲಿನ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ, ಮಿತಿ ಮೀರಿದರೆ ಹಲ್ಲಿಗೆ ಕಂದು ಪಟ್ಟೆ ತರುವ, ಮೂಳೆ ಕೆಡಿಸುವ ಲವಣ. ಅದು ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು.

ಇದನ್ನು ತೆಗೆಯುವ ಒಂದು ದಾರಿ ಆರ್‌ಒ, ಅಂದರೆ ರಿವರ್ಸ್ ಆಸ್ಮೋಸಿಸ್: ನೀರನ್ನು ಒತ್ತಡದಿಂದ ಮೆಂಬ್ರೇನ್ ಎಂಬ ಅತಿ ಸೂಕ್ಷ್ಮ ಪೊರೆಯ ಮೂಲಕ ಸೋಸುವುದು. ಗಂಟೆಗೆ 500 ಲೀಟರ್ ಕೊಡುವ ಘಟಕದಲ್ಲಿ ಇರುವುದು ಇಷ್ಟು: ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಸಣ್ಣ ಕಣ ಹಿಡಿಯುವ 5 ಮೈಕ್ರಾನ್ ಕಾರ್ಟ್ರಿಜ್, ಹೈ ಪ್ರೆಶರ್ ಪಂಪು, 4040 ಅಳತೆಯ (4 ಇಂಚು ದಪ್ಪ, 40 ಇಂಚು ಉದ್ದ) ಎರಡು ಮೆಂಬ್ರೇನ್, ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ದ್ರಾವಣ ಹನಿಸುವ ಸಣ್ಣ ಡೋಸಿಂಗ್ ಪಂಪು, ಕೊನೆಗೆ ಕ್ರಿಮಿ ಕೊಲ್ಲುವ ಯುವಿ ದೀಪ. ಯಾವ ಕಂಪನಿಯ ಹೆಸರು ಅಂಟಿಸಿದರೂ ಒಳಗಿನ ಜೋಡಣೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬ್ರ್ಯಾಂಡ್ ಆರಿಸಲು ತಲೆ ಕೆಡಿಸಿಕೊಳ್ಳುವ ಬದಲು ನಿಮ್ಮ ತಾಲ್ಲೂಕಿಗೆ ಎರಡು ದಿನದಲ್ಲಿ ಬರುವ ಮೆಕ್ಯಾನಿಕ್ ಯಾರ ಹತ್ತಿರ ಇದ್ದಾನೆ ಅಂತ ವಿಚಾರಿಸಿ.

ಅಳತೆ ಸಾಕೇ? 220 ಮಕ್ಕಳ ಶಾಲೆ ಅಂದುಕೊಳ್ಳಿ. ಕುಡಿಯಲು ತಲೆಗೆ 2 ಲೀಟರ್, ಬಿಸಿಯೂಟಕ್ಕೆ ಇನ್ನೊಂದು 3 ಲೀಟರ್, ಚಿಕಿತ್ಸಾಲಯಕ್ಕೆ 60. ಒಟ್ಟು 1,160 ಲೀಟರ್, ಎರಡೂವರೆ ಗಂಟೆಯ ಕೆಲಸ. ಇಷ್ಟೇ ಆದರೆ 250 ಲೀಟರಿನ ಯಂತ್ರವೂ ಸಾಕಿತ್ತು. ಆದರೆ ಮಗು ಶಾಲೆಯಲ್ಲಿರುವುದು ದಿನಕ್ಕೆ ಆರೇಳು ಗಂಟೆ. ಉಳಿದ ಹೊತ್ತು, ಭಾನುವಾರ, ಹಬ್ಬ, ಬೇಸಿಗೆ ರಜೆ ಪೂರ್ತಿ ಕುಡಿಯುವುದು ಹಟ್ಟಿಯ ಬೋರಿನ ನೀರನ್ನೇ. ಸಂಜೆ ಮನೆಗೆ ಹೋಗುವಾಗ ಪ್ರತಿ ಮಗುವಿನ ಕೈಗೂ 5 ಲೀಟರಿನ ಕ್ಯಾನು ಕೊಟ್ಟರೆ ಇನ್ನೊಂದು 1,100 ಲೀಟರ್ ಬೇಕು. 500ರ ಯಂತ್ರ ತಗೊಳ್ಳಿ ಅನ್ನುವುದು ಇದಕ್ಕೇ. ಮೋಟಾರು ಮಾತ್ರ ಸಿಂಗಲ್ ಫೇಸ್‌ನದ್ದೇ ಇರಲಿ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟು ಪಂಪ್‌ಸೆಟ್ಟಿನ ಪಾಳಿಗೆ ಕೊಡುವಂಥದ್ದು, ಶಾಲೆಯ ಗಂಟೆಗೆ ಕಾಯುವುದಿಲ್ಲ.

ಶುದ್ಧಗೊಳಿಸುವ ಕೆಲಸದಲ್ಲಿ ಯಂತ್ರಕ್ಕೆ ಹೆಸರಿಡುವಂತಿಲ್ಲ. ಮೆಂಬ್ರೇನ್ ಹೊಸದಿದ್ದಾಗ 3 ಮಿಲಿಗ್ರಾಂ ಫ್ಲೋರೈಡ್ ಇದ್ದ ನೀರು 0.2, 0.3ಕ್ಕೆ ಇಳಿಯುತ್ತದೆ. ಎಡವುವುದು ಪರೀಕ್ಷೆಯಲ್ಲಿ. ಯಂತ್ರ ಕೂರಿಸಲು ಬಂದವರು ಪೆನ್ನಿನಂಥ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಲೋಟದಲ್ಲಿ ಅದ್ದಿ, 90 ತೋರಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಪೆನ್ನು ಫ್ಲೋರೈಡ್ ಅಳೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಬೋರಿನದೊಂದು, ಕೊಳಾಯಿಯದೊಂದು ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಿ. ಫ್ಲೋರೈಡ್ ಗಾಜಿನ ಜೊತೆ ವರ್ತಿಸಿ ಲೆಕ್ಕ ತಪ್ಪುತ್ತದೆ. ನೀರು ಸಪ್ಪೆ ಅಂತ ಊರವರು ದೂರಿದಾಗ ಬೋರಿನ ನೀರು ಬೆರೆಸಿ ಟಿಡಿಎಸ್ ಏರಿಸುವ ರೂಢಿಯೂ ಇದೆ. ಬೋರಿನಲ್ಲಿ ಅದೇ 3 ಮಿಲಿಗ್ರಾಂ ಇದ್ದರೆ, ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಫ್ಲೋರೈಡ್ 0.5ರ ಹತ್ತಿರ ಬರುತ್ತದೆ, ಪರವಾಗಿಲ್ಲ. ಹತ್ತರಲ್ಲಿ ಮೂರು ಪಾಲಾದರೆ 1 ದಾಟುತ್ತದೆ. ವಾಲ್ವ್ ಎಲ್ಲಿಗೆ ತಿರುಗಿಸಬೇಕೋ ಅಲ್ಲಿಗೆ ಪೇಂಟಿನಲ್ಲಿ ಗೆರೆ ಎಳೆದುಬಿಡಿ.

ಇಂಥ ಘಟಕಗಳು ಹಾಳಾಗುವ ದಾರಿಗಳು ಬಹುತೇಕ ನಿಶ್ಚಿತ. ಮೊದಲನೆಯದು ಬ್ಲೀಚಿಂಗ್ ಪೌಡರ್. ಊರಿನ ಟ್ಯಾಂಕಿಗೆ ಹಾಕಿದ ಪೌಡರಿನ ಕ್ಲೋರಿನ್ ಪೈಪಿನಲ್ಲಿ ಬಂದು, ಹಳೆಯದಾದ ಕಾರ್ಬನ್ ದಾಟಿ ಮೆಂಬ್ರೇನ್ ತಲುಪಿದರೆ ಅದರ ಪದರ ಸವೆದುಹೋಗುತ್ತದೆ. ಆಗ ನೀರು ಕಡಿಮೆಯಾಗುವುದಿಲ್ಲ, ಇನ್ನೂ ಜೋರಾಗಿ ಬರುತ್ತದೆ, ನೋಡಿದವರು ಖುಷಿಪಡುತ್ತಾರೆ. ಬರುತ್ತಿರುವುದು ಅರೆಬರೆ ಬೋರಿನ ನೀರು. ಪೌಡರ್ ಹಾಕಿದ ದಿನ ಯಂತ್ರ ಓಡಿಸಬೇಡಿ, ಕಾರ್ಬನ್ ವರ್ಷಕ್ಕೊಮ್ಮೆ ಬದಲಿಸಿ.

ಎರಡನೆಯದು ಸುಣ್ಣಗಟ್ಟುವುದು. ಡೋಸಿಂಗ್ ಡಬ್ಬಿ ಬರಿದಾದರೆ ಮೊದಲ ಎರಡು ವಾರ ಏನೂ ಗೊತ್ತಾಗದು. ಆಮೇಲೆ ವೇಸ್ಟ್ ನೀರಿನ (ಮೆಂಬ್ರೇನ್ ದಾಟದೆ ಹೊರಹೋಗುವ ನೀರು) ಪೈಪಿನ ಬಾಯಲ್ಲಿ ಬೆರಳಾಡಿಸಿದರೆ ಬಿಳಿ ಹೊಪ್ಪಳಿಕೆ ಸಿಗುತ್ತದೆ, ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಒಳ್ಳೆಯ ನೀರಿನ ಹರಿವು ನೂರಕ್ಕೆ ಹತ್ತು ಭಾಗ ಇಳಿದ ಕೂಡಲೇ ಸಿಟ್ರಿಕ್ ಆಸಿಡ್ ತೊಳೆತ ಮಾಡಿಸಿದರೆ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಉಳಿಯದು. ಹಾಗಾಗಿ ದಿನವೂ ಐದು ಅಂಕಿ ರಿಜಿಸ್ಟರಿನಲ್ಲಿ ಬರೆಯಲಿ: ಕಾರ್ಟ್ರಿಜ್‌ನ ಹಿಂದಿನ ಒತ್ತಡ, ಮುಂದಿನ ಒತ್ತಡ, ಒಳ್ಳೆಯ ನೀರು, ವೇಸ್ಟ್ ನೀರು, ಟಿಡಿಎಸ್.

ಮೂರನೆಯದು ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಬೀಗ ಹಾಕಿದರೆ ಮೇ ಕೊನೆಗೆ ಮೆಂಬ್ರೇನ್ ಒಳಗೆ ಲೋಳೆ ಕಟ್ಟಿ ವಾಸನೆ ಬರುತ್ತದೆ. ಎರಡು ದಿನಕ್ಕೊಮ್ಮೆ 20 ನಿಮಿಷ ಓಡಿಸಬೇಕು, ಇಲ್ಲವೇ ನೂರಕ್ಕೆ ಒಂದರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಸಿಡಬೇಕು. ಚಿಕಿತ್ಸಾಲಯಕ್ಕೆ ರಜೆ ಇಲ್ಲವಲ್ಲ, ಕೀಲಿಯ ಇನ್ನೊಂದು ಜೊತೆ ನರ್ಸಮ್ಮನ ಹತ್ತಿರ ಇದ್ದು ಯಂತ್ರ ದಿನವೂ ಓಡಿದರೆ ಎರಡೂ ಬೇಕಾಗುವುದಿಲ್ಲ.

ಚಿಕಿತ್ಸಾಲಯಕ್ಕೆ ಇದರಿಂದ ಇನ್ನೊಂದು ಲಾಭವಿದೆ. ಗಡಸು ನೀರು ಹಾಕಿ ಆಟೋಕ್ಲೇವ್‌ನ (ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ) ಕಾಯಿಲ್ ಸುಡುವುದು ಈ ಕಡೆ ಮಾಮೂಲು. ಆರ್‌ಒ ನೀರು ಹಾಕಿದರೆ ಬಾಳಿಕೆ ಬರುತ್ತದೆ. ಓಆರ್‌ಎಸ್ ಕಲಸಲೂ ಇದು ಸರಿ, ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಇಂಜೆಕ್ಷನ್ ಪುಡಿ ಕಲಸಲು ಮಾತ್ರ ಇದನ್ನು ಮುಟ್ಟಲೇಬಾರದು, ಇದು ಸ್ಟೆರೈಲ್ ನೀರಲ್ಲ.

ಇನ್ನು ದುಡ್ಡಿನ ಮಾತು. 4040 ಮೆಂಬ್ರೇನ್ ಒಂದಕ್ಕೆ ಹತ್ತರಿಂದ ಹದಿನೈದು ಸಾವಿರ, ಎರಡು ಮೂರು ವರ್ಷಕ್ಕೆ ಎರಡೂ ಬದಲಾಗಬೇಕು. ಕಾರ್ಟ್ರಿಜ್ ತಿಂಗಳಿಗೊಂದು. ಯುವಿ ದೀಪ ಉರಿಯುತ್ತಲೇ ಇದ್ದರೂ ವರ್ಷಕ್ಕೆ ಶಕ್ತಿ ಕುಂದುತ್ತದೆ. ಕರೆಂಟು, ಓಡಿಸುವವರ ಸಂಬಳ ಬೇರೆ. ಯಂತ್ರದ ಬೆಲೆಯ ಕಾಲುಭಾಗವನ್ನು ಪ್ರತಿ ವರ್ಷ ಎತ್ತಿಡುವ ಯೋಗ್ಯತೆ ಇದ್ದರೆ ಮಾತ್ರ ಈ ದಾನಕ್ಕೆ ಕೈ ಹಾಕಿ. ಕಲ್ಲಿನಲ್ಲಿ ಹೆಸರು ಕೆತ್ತಿಸಿ ಮೂರನೇ ವರ್ಷಕ್ಕೆ ಶೆಡ್ಡಿಗೆ ಬೀಗ ಬೀಳುವುದಕ್ಕಿಂತ, 200 ಚದರ ಮೀಟರ್ ಚಾವಣಿಗೆ ಮಳೆನೀರಿನ ಪೈಪು, ತೊಟ್ಟಿ ಮಾಡಿಸಿಕೊಟ್ಟರೆ ಮೇಲು. 450 ಮಿಲಿಮೀಟರ್ ಮಳೆಯಾದರೂ, ಚೆಲ್ಲಿ ಆರಿ ಹೋದ ಐದರಲ್ಲೊಂದು ಪಾಲು ಕಳೆದು, 72,000 ಲೀಟರ್ ಫ್ಲೋರೈಡ್ ಇಲ್ಲದ ನೀರು ಸಿಗುತ್ತದೆ. ತೊಟ್ಟಿ ಹಿಡಿಸಿದಷ್ಟು ನಿಮ್ಮದು.

ವೇಸ್ಟ್ ನೀರಿನ ಬಗ್ಗೆ ಮಾರುವವರು ಬಾಯಿಬಿಡುವುದಿಲ್ಲ. ಲೀಟರಿಗೆ ಲೀಟರ್ ಹೊರಬರುತ್ತದೆ, ಅದರಲ್ಲಿ ಫ್ಲೋರೈಡ್ ಸುಮಾರು ಎರಡು ಪಟ್ಟು. ಶೌಚಾಲಯದ ತೊಟ್ಟಿಗೆ, ನೆಲ ತೊಳೆಯಲು ತಿರುಗಿಸಿ. ಇಂಗುಗುಂಡಿಗೆ ಬಿಟ್ಟರೆ ಅದೇ ಬೋರಿಗೆ ವಾಪಸ್. ದನಕರುವಿನ ತೊಟ್ಟಿಗೂ ಬೇಡ.

ಕೊಳಾಯಿ ಹಾಕಿಸುವಾಗ ಒಂದನೇ ತರಗತಿಯ ಮಗುವಿಗೆ ಎಟುಕುವಂತೆ ನೆಲದಿಂದ ಎರಡಡಿ ಎತ್ತರಕ್ಕೆ ಹಾಕಿಸಿ, ಸ್ಟೀಲಿನದೇ ಇರಲಿ. ಒಂದು ಪೈಪನ್ನು ಪಕ್ಕದ ಅಂಗನವಾಡಿಗೂ ಎಳೆಯಿರಿ. ಬಾಯಿಯ ಎದುರಿಗೆ ಕಾಣುವ ಶಾಶ್ವತ ಹಲ್ಲುಗಳ ಎನಾಮೆಲ್ (ಹೊರಪದರ) ಮಗು ಶಾಲೆಗೆ ಸೇರುವ ಮೊದಲೇ ಬಹುಪಾಲು ಕಟ್ಟಿಕೊಂಡಿರುತ್ತದೆ. ಆಮೇಲೆ ಎಂಥ ನೀರು ಕುಡಿಸಿದರೂ ಫ್ಲೋರೈಡಿನ ಆ ಕಂದು ಪಟ್ಟೆ ಅಳಿಯುವುದಿಲ್ಲ. ಐದನೇ ತರಗತಿಯವರ ಹಲ್ಲು ನೋಡಿ ದಾನ ಫಲಿಸಲಿಲ್ಲ ಅನ್ನಬೇಡಿ. ಈಗ ಅಂಗನವಾಡಿಯಲ್ಲಿ ಕೂತಿರುವ ಮಕ್ಕಳು ಎರಡನೇ ತರಗತಿಗೆ ಬಂದಾಗ ನೋಡಿ.