ಅಗಸಿ ಹಿಂಡಿ, ಮಾತ್ರೆ, ಜೆಲ್: ಬೇಗ ಮುಟ್ಟು ನಿಂತವಳ ಹೋಲಿಕೆ

ನನಗೆ ಮುಟ್ಟು ನಿಂತಿದ್ದು 38ಕ್ಕೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ 46-47ರ ಆಸುಪಾಸು ನಿಲ್ಲುತ್ತದೆ. 45ರೊಳಗೆ ನಿಂತರೆ ಬೇಗ, 40ರೊಳಗೆ ನಿಂತರೆ ತೀರಾ ಬೇಗ ಅಂತ ಲೆಕ್ಕ. ಬಸಿರಲ್ಲ, ಥೈರಾಯ್ಡ್ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಎಫ್‌ಎಸ್‌ಎಚ್ (ಅಂಡಾಶಯ ಕೈಕೊಟ್ಟಾಗ ಏರುವ ಹಾರ್ಮೋನ್) ರಕ್ತ ಪರೀಕ್ಷೆಯನ್ನು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿದಾಗಲೂ ಅಂಕಿ 25ರ ಗಡಿ ದಾಟಿ ಎಲ್ಲೋ ಇತ್ತು. ಆಮೇಲೆಯೇ ಡಾಕ್ಟರ್ ಇದು ತೀರಾ ಬೇಗ ಮುಟ್ಟು ನಿಂತಿದ್ದು ಅಂತ ಹೆಸರಿಟ್ಟು ಹೇಳಿದ್ದು. ಅದಕ್ಕೂ ಮೊದಲು ತೋರಿಸಿದ ಇನ್ನೊಬ್ಬರು "ತಿಂಗಳ ಕಾಟ ತಪ್ಪಿತಲ್ಲ, ಆರಾಮಾಗಿರಿ" ಅಂದು ಕಳಿಸಿದ್ದರು!

ಇದು ಶುರುವಾಗಿದ್ದು ಬಾಗಲಕೋಟೆಯ ಬೇಸಿಗೆಯಲ್ಲಿ. ಹಾಗಾಗಿ ಯಾರ ಮುಂದೆ ಹೇಳಿದರೂ "ಎಲ್ಲಾರಿಗೂ ಸೆಕಿ ಆಗ್ತದ, ನಿನಗೊಬ್ಬಾಕಿಗೇನ?" ಅನ್ನುವ ಮಾತೇ. ಆದರೆ ಸೆಕೆ ಬೇರೆ, ಇದು ಬೇರೆ. ಕೂಲರ್ ಎದುರು ಕೂತಿದ್ದಾಗಲೇ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಝಳ ಏರುತ್ತದೆ, ಕುಪ್ಪಸ ಬೆನ್ನಿಗೆ ಅಂಟುತ್ತದೆ, ಐದು ನಿಮಿಷ ಕಳೆಯುವುದರೊಳಗೆ ಚಳಿ ಹತ್ತಿ ಸೆರಗು ಹೊದ್ದುಕೊಳ್ಳಬೇಕಾಗುತ್ತದೆ. ರಾತ್ರಿ ಇದೇ ಆಟ ಮೂರ್ನಾಲ್ಕು ಸಲ. ನಿದ್ದೆ ಇಲ್ಲದೆ ಸಿಟ್ಟು, ಸಿಟ್ಟಿಗೆ ಮನೆಯಲ್ಲಿ ಜಗಳ.

ಮೊದಲು ಹಿಡಿದಿದ್ದು ಮನೆಮದ್ದಿನ ದಾರಿ. ನಮ್ಮ ಕಡೆ ಅಗಸಿ ಹಿಂಡಿ (ಚಟ್ನಿಪುಡಿ) ಊಟಕ್ಕೆ ಇದ್ದೇ ಇರುತ್ತದೆ, ಅದನ್ನೇ ಜಾಸ್ತಿ ಮಾಡಿದೆ. ಸೋಯಾ ಸೇರಿಸಿದೆ, ಹಾಲಿಗೆ ಶತಾವರಿ ಪುಡಿ ಹಾಕಿದೆ. ಅಗಸಿಯಲ್ಲಿ ಈಸ್ಟ್ರೊಜೆನ್ (ಅಂಡಾಶಯ ಕೊಡುವ ಹೆಣ್ಣಿನ ಹಾರ್ಮೋನ್) ಹೋಲುವ ಸಸ್ಯದ ಅಂಶ ಇರುವುದು ನಿಜ. ಆದರೆ ಝಳಕ್ಕೆ ಅದು ಕೆಲಸ ಮಾಡುತ್ತದಾ ಅಂತ ಔಷಧಿ ಇಲ್ಲದ ಸುಳ್ಳು ತಿನಿಸಿನ ಜೊತೆ ಇಟ್ಟು ನೋಡಿದಾಗ ಹೆಚ್ಚಿನ ಫರಕು ಕಂಡಿಲ್ಲ. ನನಗೂ ಹೊಟ್ಟೆ ಸರಿಹೋಯಿತು, ಝಳ ಹಾಗೇ ಇತ್ತು. ಶತಾವರಿಯಿಂದ ಏನೂ ಗೊತ್ತಾಗಲಿಲ್ಲ, ಡಬ್ಬಿಯ ದುಡ್ಡೊಂದು ಗೊತ್ತಾಯಿತು.

ಎರಡನೆಯದು ಹಾರ್ಮೋನ್ ಅಲ್ಲದ ಮಾತ್ರೆ, ವೆನ್ಲಾಫಾಕ್ಸಿನ್. ಇದು ಖಿನ್ನತೆಯ ಔಷಧಿ, ಕಡಿಮೆ ಡೋಸ್‌ನಲ್ಲಿ ಝಳಕ್ಕೂ ಕೊಡುತ್ತಾರೆ. "ತಲಿ ಕೆಟ್ಟವರ ಗುಳಗಿ ಯಾಕ?" ಅಂತ ಅತ್ತೆ ಕೇಳಿದ್ದರು, ಸುಮ್ನಿದ್ದೆ. ಮೊದಮೊದಲು ವಾಕರಿಕೆ, ಬಾಯಿ ಒಣಗುವುದು. ಆಮೇಲೆ ಝಳ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಒಂದು ಹೊತ್ತು ತಪ್ಪಿದರೆ ಮಾತ್ರ ತಲೆ ಗಿರ್ ಅನ್ನುತ್ತಿತ್ತು, ಡಾಕ್ಟರನ್ನು ಕೇಳದೆ ನಾವೇ ನಿಲ್ಲಿಸುವ ಔಷಧಿಯೇ ಅಲ್ಲ ಇದು. ಸ್ತನ ಕ್ಯಾನ್ಸರ್ ಆಗಿ ಹಾರ್ಮೋನ್ ಮುಟ್ಟಬಾರದು ಅಂತ ಇರುವವರಿಗೆ ಇಂಥ ಮಾತ್ರೆ ದೊಡ್ಡ ಆಸರೆ. ನನ್ನ ಮಟ್ಟಿಗೆ ಅದು ಸಾಲಲಿಲ್ಲ, ಕಾರಣ ಝಳ ಒಂದೇ ಅಲ್ಲ.

ಬೇಗ ಮುಟ್ಟು ನಿಂತವರಿಗೆ ಅಸಲಿ ತೊಂದರೆ ಬೆವರಲ್ಲ. ಅಂಡಾಶಯ ಇನ್ನೂ ಹತ್ತು ವರ್ಷ ಕೊಡಬೇಕಿದ್ದ ಈಸ್ಟ್ರೊಜೆನ್ ಈಗಲೇ ನಿಂತಿರುತ್ತದೆ. ಅದರಿಂದ ಮೂಳೆ ಸವೆಯುತ್ತದೆ, ಮುಂದೆ ಹೃದಯದ ಕಾಯಿಲೆಯ ಭಯವೂ ಹೆಚ್ಚು. ಅದಕ್ಕೇ ನಮ್ಮಂಥವರಿಗೆ, ಬೇರೆ ತಡೆ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನ ತನಕ, ಹೆಚ್ಚಾಗಿ ಸುಮಾರು 50ರ ತನಕ, ಹಾರ್ಮೋನ್ ತೆಗೆದುಕೊಳ್ಳಿ ಅಂತ ಸಲಹೆ. ಅಗಸಿಯೂ ವೆನ್ಲಾಫಾಕ್ಸಿನ್ನೂ ಈ ಕೊರತೆ ತುಂಬುವುದಿಲ್ಲ. ಊಟದ್ದೂ ಒಂದು ಮಾತು ಹೇಳಬೇಕು: ನಾವು ಜೋಳದ ರೊಟ್ಟಿ ಮಂದಿ, 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 300ರ ಮೇಲಿದೆ. ನನಗೆ ರಾಗಿ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಮೊಸರಿನಲ್ಲಿ ಹೊಂದಿಸಿಕೊಂಡಿದ್ದೇನೆ. ಅದು ಬೇಕು, ಆದರೆ ಹಾರ್ಮೋನ್ ಬದಲಿಗೆ ಅದಲ್ಲ.

ಇನ್ನು ಕ್ಯಾನ್ಸರ್ ಭಯ. ನನ್ನನ್ನೂ ಬಹಳ ದಿನ ತಡೆದಿದ್ದು ಇದೇ. ಈ ಭಯದ ಬೇರು ಹೆಚ್ಚಾಗಿ 2002ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿದೆ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಥರದ ಔಷಧಿ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚಿಗೆ ಕಂಡವು. ಆದರೆ ಅವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಎಷ್ಟೋ ವರ್ಷ ಆದ ಮೇಲೆ ಹೊರಗಿನಿಂದ ಕೊಟ್ಟಿದ್ದು ಅದು. 38ರವಳಿಗೆ ಕೊಡುವುದು ಅವಳ ಓರಗೆಯವರ ಮೈಯಲ್ಲಿ ಈಗಲೂ ಇರುವ ಹಾರ್ಮೋನನ್ನೇ ಅಲ್ವಾ? ಹಾಗಂತ ಎಲ್ಲರಿಗೂ ಇದು ಸಲ್ಲದು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರು, ಲಿವರ್ ತೊಂದರೆ ಇರುವವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರು ಡಾಕ್ಟರ್ ಹತ್ತಿರ ಇದನ್ನೆಲ್ಲ ಮೊದಲೇ ಹೇಳಬೇಕು.

ಹಾರ್ಮೋನಿನಲ್ಲಿ ಮೊದಲು ಶುರು ಮಾಡಿದ್ದು ಎಸ್ಟ್ರಾಡಿಯೋಲ್ ಅನ್ನುವ ಈಸ್ಟ್ರೊಜೆನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ನವನಗರದ ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಕ್ಕಿತು, ರೇಟೂ ಕಡಿಮೆ. ಕೆಲವೇ ವಾರಕ್ಕೆ ರಾತ್ರಿ ನಿದ್ದೆ ಬಂತು. ಅದೊಂದಕ್ಕೇ ನಾನು ಆ ಮಾತ್ರೆಗೆ ಕೈ ಮುಗಿಯುತ್ತೇನೆ. ಸ್ತನಗಳಲ್ಲಿ ನೋವು ಸ್ವಲ್ಪ ದಿನ ಇತ್ತು, ಹೋಯಿತು. ಹೋಗದೆ ಉಳಿದಿದ್ದು ಅರೆತಲೆನೋವು. ನನಗೆ ಮೊದಲಿಂದಲೂ ಕಣ್ಣ ಮುಂದೆ ಮಿಂಚು ಬಂದು ತಲೆನೋವು ಹತ್ತುತ್ತಿತ್ತು, ಮಾತ್ರೆ ಶುರುವಾದ ಮೇಲೆ ಜಾಸ್ತಿಯಾಯಿತು. ನುಂಗಿದ ಈಸ್ಟ್ರೊಜೆನ್ ಮೊದಲು ಲಿವರ್ ಮೂಲಕ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಚರ್ಮದ ಮೂಲಕ ಹೋದರೆ, ಸಾಮಾನ್ಯ ಡೋಸ್‌ನಲ್ಲಿ, ಹಾಗೆ ಏರುವುದು ಕಂಡಿಲ್ಲ. ಆದ್ದರಿಂದ ಡಾಕ್ಟರ್ ಚರ್ಮಕ್ಕೆ ಸವರುವ ಎಸ್ಟ್ರಾಡಿಯೋಲ್ ಜೆಲ್‌ಗೆ ಬದಲಾಯಿಸಿದರು. ಇದೇ ತಲೆನೋವಿನ ಕಾರಣಕ್ಕೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯ ದಾರಿ ನನಗೆ ಮುಚ್ಚಿತ್ತು. ಬೇರೆಯವರಿಗೆ ಅದೂ ಒಂದು ಆಯ್ಕೆ, ಯಾಕಂದರೆ ಹೀಗೆ ಬೇಗ ನಿಂತವರಲ್ಲೂ ನೂರಕ್ಕೆ 5ರಿಂದ 10 ಮಂದಿ ತಾನಾಗೇ ಬಸಿರಾಗುವುದುಂಟು, ಈ ಹಾರ್ಮೋನ್ ಚಿಕಿತ್ಸೆ ಅದನ್ನು ತಡೆಯುವುದಿಲ್ಲ.

ಜೆಲ್ ಕೆಲಸ ಮಾಡುವುದರಲ್ಲಿ ಮಾತ್ರೆಗೆ ಸಮ, ತಲೆನೋವಿನಲ್ಲಿ ಬಹಳ ಮೇಲು. ಕಿರಿಕಿರಿಯಲ್ಲಿ ಮಾತ್ರ ಇದೇ ಮೊದಲು. ಸ್ನಾನ ಮಾಡಿ, ಮೈ ಒರೆಸಿ, ತೋಳಿನ ಮೇಲೆ ತೆಳ್ಳಗೆ ಸವರಿ, ಒಣಗುವ ತನಕ ಕುಪ್ಪಸ ಹಾಕದೆ ನಿಂತಿರಬೇಕು. ಇದರಲ್ಲಿ ಆಲ್ಕೋಹಾಲ್ ಇದೆ, ಬೆಂಕಿ ಹತ್ತಿಕೊಳ್ಳುವಂಥದ್ದು. ಬೆಳಗ್ಗೆ ಎದ್ದು ಮೊದಲು ಒಲೆ ಮುಂದೆ ರೊಟ್ಟಿ ಬಡಿಯುವವರು ಅದು ಪೂರ್ತಿ ಆರುವ ಮುಂಚೆ ಗ್ಯಾಸ್ ಹಚ್ಚಬಾರದು, ಹಾಗಾಗಿ ನಾನು ರೊಟ್ಟಿ ಮುಗಿಸಿಯೇ ಸ್ನಾನಕ್ಕೆ ಹೋಗುತ್ತೇನೆ. ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಬಾರದು. ಮೇ ತಿಂಗಳಲ್ಲಿ ಟ್ಯೂಬ್ ಎಲ್ಲಿಡುವುದು ಅನ್ನುವುದೂ ಒಂದು ಪ್ರಶ್ನೆ, ನಮ್ಮ ಮನೆಯಲ್ಲಿ ದೇವರ ಕೋಣೆಯ ಕೆಳಗಿನ ಕಪಾಟೇ ತಂಪು.

ಮಾತ್ರೆಯಾಗಲಿ ಜೆಲ್ ಆಗಲಿ, ಗರ್ಭಚೀಲ ಇರುವವರು ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಎರಡನೇ ಹಾರ್ಮೋನ್ ತೆಗೆದುಕೊಳ್ಳಲೇಬೇಕು. ಬರೀ ಈಸ್ಟ್ರೊಜೆನ್ ಆದರೆ ಚೀಲದ ಒಳಪದರ ದಪ್ಪವಾಗಿ ಕ್ಯಾನ್ಸರ್ ತನಕ ಹೋಗಬಹುದು. ನಾನು ತಿಂಗಳಲ್ಲಿ 12 ರಾತ್ರಿ 200 ಮಿಲಿಗ್ರಾಂ ಕ್ಯಾಪ್ಸೂಲ್ ನುಂಗುತ್ತೇನೆ. ಅಮಲು ಬಂದಂತೆ ನಿದ್ದೆ ಹತ್ತುತ್ತದೆ, ಹಾಸಿಗೆಗೆ ಹೋಗುವಾಗಲೇ ತೆಗೆದುಕೊಳ್ಳಿ. ಕೋರ್ಸ್ ಮುಗಿದಾಗ ರಕ್ತ ಹೋಗುತ್ತದೆ. ಅದು ಬೇಡ ಅನ್ನುವವರಿಗೆ ದಿನಾ 100 ಮಿಲಿಗ್ರಾಂ ಕೊಡುವ ಕ್ರಮವೂ ಇದೆ.

ನಮ್ಮ ಭಾಗದಲ್ಲಿ ಚಿಕ್ಕ ವಯಸ್ಸಿಗೇ "ಚೀಲ ತಗಸ್ಯಾರ" ಅನ್ನುವವರು ಬಹಳ ಸಿಗುತ್ತಾರೆ. ಅವರಿಗೆ ಪ್ರೊಜೆಸ್ಟರಾನ್ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಅಂಡಾಶಯವನ್ನೂ ತೆಗೆದಿದ್ದರೆ ಮುಟ್ಟು ನಿಂತ ತೊಂದರೆ ಎಲ್ಲ ಒಮ್ಮೆಲೇ ಬಂದು ಬೀಳುತ್ತದೆ. ಆಪರೇಶನ್ ಕಾಗದ ಹುಡುಕಿ ಏನೇನು ತೆಗೆದಿದ್ದಾರೆ ಅಂತ ಓದಿಸಿಕೊಳ್ಳಿ. ಎಷ್ಟೋ ಜನರಿಗೆ ಅದೇ ಗೊತ್ತಿಲ್ಲ.

ಕೆಳಗಿನ ಒಣಗುವಿಕೆ, ಉರಿಗೆ ಜೆಲ್ ಒಂದೇ ನನಗೆ ಸಾಲಲಿಲ್ಲ. ಅಲ್ಲಿಗೇ ಹಚ್ಚುವ ಎಸ್ಟ್ರಿಯೋಲ್ (ಇನ್ನೊಂದು ಬಗೆಯ ಈಸ್ಟ್ರೊಜೆನ್) ಕ್ರೀಮ್ ಸೇರಿಸಿದರು, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇದನ್ನು ಡಾಕ್ಟರ್ ತಾವಾಗಿ ಕೇಳಲಿಲ್ಲ, ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

ಸದ್ಯಕ್ಕೆ ನನ್ನ ಪಾಲಿಗೆ ಜೆಲ್ ಮತ್ತು ಕ್ಯಾಪ್ಸೂಲ್ ಜೋಡಿಯೇ ಮೇಲು. ತಲೆನೋವು, ಬಿಪಿ ಏನೂ ಇಲ್ಲದೆ, ದಿನಾ ಸವರುವ ತಾಳ್ಮೆಯೂ ಇಲ್ಲದ ಗೆಳತಿ ಕೇಳಿದರೆ ಮಾತ್ರೆಯ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡು ಅನ್ನುತ್ತೇನೆ. ಜೆಲ್ ನಮ್ಮೂರಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಸ್ಟಾಕ್ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಿಕೊಡುತ್ತಾರೆ, ಅದಕ್ಕೆ ಒಂದು ಟ್ಯೂಬ್ ಅರ್ಧ ಆಗುತ್ತಿದ್ದಂತೆ ಮುಂದಿನದಕ್ಕೆ ಹೇಳಿಬಿಡುತ್ತೇನೆ.